ಮೂರು ಕೊಟೇಶನ್ ಮತ್ತು ಒಂದು ಪಡವಲಕಾಯಿ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ಇಟ್ಟಮಡುವಿನ ಗೌರೀಶಂಕರರಿಗೆ ಇದ್ದದ್ದು ಕೊಟೇಶನ್ ಕಾಯಿಲೆ. ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಮೂವತ್ತೈದು ವರ್ಷ ಕೂತು ಸವೆದ ಜೀವ. ಗುಂಡುಸೂಜಿ ಬೇಕೆಂದರೂ ಮೂರು ಕಡೆಯಿಂದ ಕೊಟೇಶನ್ ತರಿಸಬೇಕು, ಗೆರೆ ಹಾಳೆಯ ಮೇಲೆ ಮೂರು ಕಾಲಂ ಎಳೆಯಬೇಕು, ತುಲನಾ ಪಟ್ಟಿ ಎಂಬ ಮಹಾಕಾವ್ಯ ರಚಿಸಬೇಕು. ಅವರು ಸಹಿ ಹಾಕುವ ಹೊತ್ತಿಗೆ ಗುಂಡುಸೂಜಿ ಕೇಳಿದವನು ನಿವೃತ್ತನಾಗಿ ಊರು ಸೇರಿರುತ್ತಿದ್ದ. ವಿಚಾರಿಸದೆ ಒಂದೇ ಕಡೆಯಿಂದ ತೆಗೆದುಕೊಂಡರೆ ಅದು ‘ಸಿಂಗಲ್ ಟೆಂಡರ್’. ಅವರ ಬಾಯಲ್ಲಿ ಅದು ಬೈಗುಳ.

(ಮದುವೆಗೆ ಮುಂಚೆಯೂ ಅವರು ಲೆಕ್ಕ ಹಾಕಿ ಮೂರು ಹುಡುಗಿಯರನ್ನು ನೋಡಿದ್ದರು. ಮೂರನೆಯವರೇ ಸರ್ವಮಂಗಳಮ್ಮ. ಈ ಸಂಗತಿಯನ್ನು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಪ್ರೀತಿಯಿಂದಲೇ ಹೇಳಿದರು. ಮೂವತ್ತೊಂದು ವರ್ಷವಾಯಿತು, ಆಕೆ ಇನ್ನೂ ಮರೆತಿಲ್ಲ.)

ಇಂಥ ಮನುಷ್ಯನ ಹಳೆಯ ಫೋನು ತೀರಿಕೊಂಡು ಹೊಸ ಫೋನು ಬಂತು. ಅದರೊಳಗೆ ಬೂದು ಬಣ್ಣದ ಲಕೋಟೆಯ ಚಿತ್ರವೊಂದು ಆಗಲೇ ಕೂತಿತ್ತು. ಇಮೇಲ್ ಆ್ಯಪ್. ಫೋನಿನ ಕಂಪನಿಯವರೇ ಹಾಕಿ ಕಳಿಸಿದ್ದು. ಕರೆಯದೆ ಬಂದದ್ದು, ತೆಗೆಯಲೂ ಆಗದ್ದು.

“ನಾನು ಕೇಳ್ದೇನೇ ಬಂದು ಕೂತಿದೆ ಅಂದ್ರೆ ಏನೋ ಐಬಿದೆ,” ಎಂದರು ಗೌರೀಶಂಕರರು.

“ಫೋನಲ್ಲಿ ಕ್ಯಾಮೆರಾನೂ ಕೇಳ್ದೇನೇ ಬಂದಿದೆ. ಅದನ್ನ ಕಿತ್ತು ಹಾಕ್ತೀರಾ?” ಎಂದರು ಸರ್ವಮಂಗಳಮ್ಮ.

ಆಕೆಯ ಸಿಟ್ಟಿಗೆ ಕಾರಣವಿತ್ತು. ಒಂದು ವರ್ಷದಿಂದ ಆಕೆ ತಾರಸಿಯ ಮೇಲೆ ತೋಟ ಮಾಡಿದ್ದರು. ನಲ್ಲಿ ಕೆಳಗಿದ್ದುದರಿಂದ, ನೋಯುವ ಮಂಡಿಯಲ್ಲೇ ಬಕೆಟ್ ಹಿಡಿದು ಮೂರು ಮಹಡಿ ಹತ್ತುತ್ತಿದ್ದರು. ಅಲ್ಲಿ ಚಪ್ಪರದಿಂದ ಒಂದು ಪಡವಲಕಾಯಿ ಇಳಿದಿತ್ತು. ಡೊಂಕಾಗದೆ ಬೆಳೆಯಲೆಂದು ಅದರ ತುದಿಗೆ ದಾರದಲ್ಲಿ ಕಲ್ಲು ಕಟ್ಟಿದ್ದರು. ದಿನಾ ಬೆಳಗ್ಗೆ ದರ್ಜಿಯ ಟೇಪು ಹಿಡಿದು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ಗೌರೀಶಂಕರರ ಎತ್ತರ ಐದಡಿ ನಾಲ್ಕಂಗುಲ. ಕಾಯಿ ಅವರನ್ನು ಮೀರಿಸಿದ ದಿನ ಮನೆಯಲ್ಲಿ ಕೇಸರಿಬಾತ್ ಆಗಿತ್ತು.

ಬಡಾವಣೆಗಳ ತಾರಸಿ ತೋಟ ಬಳಗದವರು ಸ್ಪರ್ಧೆಯೊಂದನ್ನು ಇಟ್ಟಿದ್ದರು. ಹೋದ ವರ್ಷ ಅದರಲ್ಲಿ ವಿಲ್ಸನ್ ಗಾರ್ಡನ್ನಿನ ಓರಗಿತ್ತಿ ಸೋರೆಕಾಯಿಗೆ ಎರಡನೇ ಬಹುಮಾನ ಹೊಡೆದಿದ್ದಳು. ಅಲ್ಲಿಂದೀಚೆಗೆ ಆ ಮನೆಯಿಂದ ಯಾವ ಫೋನು ಬಂದರೂ, ಸಾವಿನ ಸುದ್ದಿಗೆ ಬಂದರೂ, ಮಾತು ಸೋರೆಕಾಯಿಯನ್ನು ಮುಟ್ಟದೆ ಮುಗಿಯುತ್ತಿರಲಿಲ್ಲ. ಸರ್ವಮಂಗಳಮ್ಮನಿಗೆ ಬೇರೇನೂ ಬೇಡ. ಆ ಆರಡಿ ಕಾಯಿಯನ್ನು ತೀರ್ಪುಗಾರರು ಬಂದು ಒಂದು ಸಲ ಅಳೆದು ಹೋದರೆ ಸಾಕು. ಅರ್ಜಿಯಲ್ಲಿ ಕೊಟ್ಟದ್ದು ಗೌರೀಶಂಕರರ ಇಮೇಲ್. ಮನೆಯ ಪತ್ರವ್ಯವಹಾರ ಇಲಾಖೆ ತನ್ನದೆಂದು ಅವರು ಮೊದಲಿನಿಂದಲೂ ಹಟ ಹಿಡಿದು ಇಟ್ಟುಕೊಂಡಿದ್ದರು.

“ಮೇಲ್ ಬಂತೇನ್ರೀ?” ಎಂದು ಆಕೆ ಬೆಳಗ್ಗೆ, ಮಧ್ಯಾಹ್ನ, ಸಂಜೆ ಕೇಳುತ್ತಿದ್ದರು.

“ಬರುತ್ತೆ ಮಂಗಳಾ. ಮೊದಲು ಯಾವುದರಲ್ಲಿ ಬರಬೇಕು ಅನ್ನೋದು ತೀರ್ಮಾನ ಆಗ್ಲಿ.”

ತೀರ್ಮಾನಕ್ಕೆ ಮೂರು ಕೊಟೇಶನ್ ಬೇಕಲ್ಲ. ಒಂದು, ಫೋನಿನ ಜೊತೆ ಬಂದ ಬೂದು ಲಕೋಟೆ. ಇನ್ನೆರಡನ್ನು ಹೊರಗಿನಿಂದ ಇಳಿಸಿಕೊಂಡರು. ‘ಅಂಚೆಯಣ್ಣ’ ಎಂಬುದು ಎರಡು ಪತ್ರಕ್ಕೊಂದು ಜಾಹೀರಾತು ತೋರಿಸುತ್ತಿತ್ತು. ‘ಬುಗುರಿ ಮೇಲ್’ ಎಂಬುದು ಬಲು ಚೆಲುವೆ. ತೆರೆದರೆ ಬುಗುರಿಯೊಂದು ಗಿರಗಿರನೆ ತಿರುಗಿ ನಮಸ್ಕಾರ ಹೇಳುತ್ತಿತ್ತು. ಬಂದ ಪತ್ರಗಳನ್ನು ತಾನೇ ಓದಿ ‘ಮುಖ್ಯ’ ಮತ್ತು ‘ಇತರೆ’ ಎಂದು ವಿಂಗಡಿಸುತ್ತಿತ್ತು. ಪತ್ರದ ಮೇಲೆ ಎಡಕ್ಕೆ ಬೆರಳು ಸವರಿದರೆ ಒಂದು, ಬಲಕ್ಕೆ ಸವರಿದರೆ ಇನ್ನೊಂದು. ನಿಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಗೌರೀಶಂಕರರು ಹೊಂದಿಸಿದರು, ಬದಲಿಸಿದರು, ಮತ್ತೆ ಹೊಂದಿಸಿದರು. ತೀರ್ಮಾನವಾಗುವ ತನಕ ಯಾವ ಪಾರ್ಟಿಗೂ ಪಕ್ಷಪಾತ ಆಗಬಾರದೆಂದು ಮೂರರ ನೋಟಿಫಿಕೇಶನ್ನನ್ನೂ ಬಂದ್ ಮಾಡಿದರು.

ಗೆರೆ ಹಾಳೆ ಹೊರಬಂತು. ಅಕ್ಷರದ ಗಾತ್ರ, ತೆರೆಯುವ ವೇಗ, ಬ್ಯಾಟರಿ ತಿನ್ನುವ ಪ್ರಮಾಣ, ಕೇಳುವ ಪರ್ಮಿಷನ್ನುಗಳು (ಬುಗುರಿಗೆ ನಿಮ್ಮ ಫೋನ್ ಬುಕ್ಕೂ ಬೇಕು, ನೀವು ಇರುವ ಜಾಗವೂ ಬೇಕು), ಹೀಗೆ ಹದಿನೆಂಟು ಬಾಬತ್ತು. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಅಸಲಿಗೆ ಪತ್ರ ಬಂದಿದೆಯೇ ಎಂದು ನೋಡುವುದು ಆ ಹದಿನೆಂಟರಲ್ಲಿ ಸೇರಿರಲಿಲ್ಲ.

ಮಂಗಳವಾರ ಅವರು ‘ಬ್ಯಾಟರಿ’ಯ ಅಂಕಗಣಿತದಲ್ಲಿ ಮುಳುಗಿದ್ದಾಗ ಸರ್ವಮಂಗಳಮ್ಮ ಕಾಫಿ ತಂದಿಟ್ಟು, ಬಲು ಖುಷಿಯಿಂದ ಏನೋ ಹೇಳಿದರು.

“ಹೂಂ,” ಎಂದರು ಗೌರೀಶಂಕರರು.

“ಕೇಳಿಸ್ತಾ?”

“ಹೂಂ.”

ಅವತ್ತಿನಿಂದ ಆಕೆ ‘ಮೇಲ್ ಬಂತಾ’ ಎಂದು ಕೇಳುವುದನ್ನೇ ನಿಲ್ಲಿಸಿದರು. ತನ್ನ ಕಾರ್ಯವೈಖರಿಯ ಮೇಲೆ ಹೆಂಡತಿಗೆ ಕೊನೆಗೂ ನಂಬಿಕೆ ಬಂತೆಂದು ಗೌರೀಶಂಕರರು ಎದೆಯುಬ್ಬಿಸಿದರು.

ಬುಧವಾರ ಪಕ್ಕದ ಮನೆಯ ಶಾಮಣ್ಣ ಬಂದರು. ಇಟ್ಟಮಡು ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ರಾಗಿ ಬೆಳೆದವರು, ಈಗ ಆ ಹೊಲದಲ್ಲಿ ಎದ್ದ ಮೂರು ಕಟ್ಟಡಗಳಿಗೆ ಯಜಮಾನರು. ಪಡವಲದ ಬೀಜ ಕೊಟ್ಟವರೂ ಅವರೇ. ಗೆರೆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಏನ್ ಸಾರ್ ಇದು, ಜಾತಕಾನ?”

“ಇಮೇಲ್ ಆ್ಯಪ್ ಆರಿಸ್ತಿದೀನಿ ಶಾಮಣ್ಣ. ನೀವು ಯಾವುದು ಇಟ್ಕೊಂಡಿದೀರ?”

“ಫೋನ್ ಜೊತೆ ಬಂದಿದ್ದೇ. ಮೇಲ್ ಬರ್ತದೆ, ಓದ್ತೀನಿ, ಮುಚ್ತೀನಿ.”

“ಹೊರಗಡೆ ಇನ್ನೂ ಒಳ್ಳೇದು ಇರಬಹುದಲ್ಲ?”

“ಮನೆ ಬೋರ್‌ವೆಲ್ಲಲ್ಲಿ ಸಿಹಿನೀರು ಬರ್ತಿರೋವಾಗ ಟ್ಯಾಂಕರ್‌ಗೆ ಯಾಕ್ ಸಾರ್ ಫೋನ್ ಮಾಡ್ತೀರ?”

ಎಷ್ಟಾದರೂ ಶಾಮಣ್ಣನಿಗೆ ಖರೀದಿ ವಿಭಾಗದ ಅನುಭವವಿಲ್ಲ ಎಂದು ಗೌರೀಶಂಕರರು ಮನಸ್ಸಿನಲ್ಲೇ ಕ್ಷಮಿಸಿದರು.

ಶುಕ್ರವಾರ ಸಂಜೆ ಹದಿನೆಂಟನೇ ಬಾಬತ್ತು ಉಳಿದಿತ್ತು: ಹುಡುಕುವ ವೇಗ. ಪರೀಕ್ಷೆಗೆ ಒಂದು ಪದ ಬೇಕಿತ್ತಲ್ಲ, ಬುಗುರಿಯಲ್ಲಿ ‘ತೋಟ’ ಎಂದು ಒತ್ತಿದರು. ಕ್ಷಣಾರ್ಧದಲ್ಲಿ ಸಿಕ್ಕಿತು. ಹತ್ತಕ್ಕೆ ಹತ್ತು. ಸಿಕ್ಕಿದ್ದು ‘ಇತರೆ’ ವಿಭಾಗದಲ್ಲಿ, ಸೀರೆಯ ರಿಯಾಯಿತಿಗೂ ವಿಮೆಯ ಆಮಿಷಕ್ಕೂ ನಡುವೆ, ಸೋಮವಾರವೇ ಬಂದು ಬಿದ್ದಿದ್ದ ಪತ್ರ. ‘ಶ್ರೀಮತಿ ಸರ್ವಮಂಗಳಾ ಅವರೇ, ನಿಮ್ಮ ತೋಟವು ಅಂತಿಮ ಸುತ್ತಿಗೆ ಆಯ್ಕೆಯಾಗಿದೆ. ಗುರುವಾರ ಸಂಜೆ ಐದರೊಳಗೆ ಉತ್ತರಿಸದಿದ್ದಲ್ಲಿ ನಿಮ್ಮ ಹೆಸರನ್ನು ಕೈಬಿಡಲಾಗುವುದು.’

ಗುರುವಾರ ಸತ್ತು ಇಪ್ಪತ್ತೈದು ಗಂಟೆಯಾಗಿತ್ತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಖಾಲಿ ಬಕೆಟ್ಟಿನ ಸದ್ದು. ಗೌರೀಶಂಕರರು ಗಾಬರಿಯಲ್ಲಿ, ಉಳಿದ ಸಾಲುಗಳನ್ನು ಓದದೆಯೇ, ಪತ್ರದ ಮೇಲೆ ಬೆರಳು ಸವರಿದರು. ಪತ್ರ ಮಾಯವಾಯಿತು. ಎಡಕ್ಕೆ ಸವರಿದರೋ ಬಲಕ್ಕೋ, ಯಾವುದಕ್ಕೆ ಏನು ಹೊಂದಿಸಿದ್ದರೋ, ದೇವರೇ ಬಲ್ಲ.

“ಆರಡಿ ಒಂದಂಗುಲ ರೀ,” ಎಂದರು ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತು. ಆ ಮುಖದಲ್ಲಿದ್ದ ಸಂತೋಷ ನೋಡಿ ಗೌರೀಶಂಕರರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಬಳಗದವರಿಗೆ ಫೋನ್ ಮಾಡಿ ಕಾಲಿಗೆ ಬೀಳಬಹುದಿತ್ತು ಎಂದು ನೀವು ಹೇಳುತ್ತೀರಿ. ಆದರೆ ಐದು ಗಂಟೆ ಒಂದು ನಿಮಿಷಕ್ಕೆ ಬಂದ ಟೆಂಡರನ್ನು ತೆರೆಯದೆ ವಾಪಸ್ ಕಳಿಸಿದ ಕೈ ಅದು, ಒಂದಲ್ಲ, ಮೂವತ್ತೈದು ವರ್ಷ. ತಡವಾದದ್ದಕ್ಕೆ ಈ ಲೋಕದಲ್ಲಿ ಕ್ಷಮೆಯಿಲ್ಲ ಎಂಬುದು ಅವರಿಗೆ ಗೊತ್ತಿದ್ದ ಒಂದೇ ವೇದಾಂತ.

ಶನಿವಾರ ಬೆಳಗ್ಗೆ ಸರ್ವಮಂಗಳಮ್ಮ ಎಂದಿಗಿಂತ ಬೇಗ ಮಿಂದು, ಹಸಿರು ರೇಷ್ಮೆ ಸೀರೆ ಉಟ್ಟು, ಚೀಲ ಹಿಡಿದು ಹೊರಟರು.

“ಜಯನಗರ ಮಾರ್ಕೆಟ್‌ಗೆ ಹೋಗಿ ಹೂವು ಹಣ್ಣು ತಂದ್ಬಿಡ್ತೀನಿ. ಇವತ್ತಾದ್ರೂ ಆ ಹರಕಲು ಬನೀನು ಬದಲಾಯಿಸಿ.”

ದೇವರಿಗೆ ಹರಕೆ ಹೊತ್ತಿದ್ದಾಳೆ, ಬಾರದ ಪತ್ರಕ್ಕಾಗಿ, ಎಂದುಕೊಂಡ ಗೌರೀಶಂಕರರ ಕಣ್ಣು ತುಂಬಿತು. ತಾರಸಿ ಹತ್ತಿದರು. ಕಾಯಿ ಬಿಳಿ ಪಟ್ಟೆಗಳನ್ನು ಹೊತ್ತು, ಕಲ್ಲಿನ ಭಾರಕ್ಕೆ ನೆಟ್ಟಗೆ ಇಳಿದಿತ್ತು. ಇದು ಇಲ್ಲಿ ನೇತಾಡುತ್ತಿರುವ ತನಕ ಅವಳು ಕಾಯುತ್ತಾಳೆ. ಇನ್ನೊಂದು ವಾರವಾದರೆ ಬಲಿತು ಬಾಯಿಗಿಡಲಾಗದು, ಆಗ ಆಸೆಯೂ ಹೋಯಿತು, ಪಲ್ಯವೂ ಹೋಯಿತು. ‘ಸ್ಪರ್ಧೆ ರದ್ದಾಯ್ತಂತೆ, ನಿನ್ನ ಕಾಯಿ ನಾವೇ ತಿನ್ನೋಣ’ ಎಂದು ಹೇಳಿಬಿಟ್ಟರೆ? ತಾನೇ ಕೈಯಾರೆ ಪಲ್ಯ ಮಾಡಿ ಬಡಿಸಿದರೆ? ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವರು ಒಲೆ ಮುಂದೆ ನಿಲ್ಲಲು ಹೊರಟಿದ್ದರು. ಪ್ರಾಯಶ್ಚಿತ್ತಕ್ಕೆ ಇದಕ್ಕಿಂತ ದೊಡ್ಡದು ಇನ್ನೇನು?

ಕಲ್ಲನ್ನು ಬಿಚ್ಚಿ ಗೋಡೆಯ ಮೇಲಿಟ್ಟರು. ಕತ್ತರಿ ಆಡಿತು. ಕಾಯಿಯನ್ನು ಹೆಗಲ ಮೇಲೆ ಹೊತ್ತು ಮೂರು ಮಹಡಿ ಇಳಿಸಿದರು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿ (ಸಾಸಿವೆ ಅವರು ನೋಡುವ ಮುಂಚೆಯೇ ಕರಕಲಾಯಿತು), ಅರ್ಧ ಕಾಯಿಯನ್ನು ಹೆಚ್ಚಿ ಬಾಣಲೆಗೆ ಹಾಕಿ ಮುಚ್ಚಳ ಮುಚ್ಚಿದರು. ಗಂಟೆ ಹತ್ತು. ಕರೆಗಂಟೆ ಸದ್ದು ಮಾಡಿತು.

ಬಾಗಿಲಲ್ಲಿ ಸರ್ವಮಂಗಳಮ್ಮ, ಕೈಯಲ್ಲಿ ಹೂವಿನ ಪೊಟ್ಟಣ. ಹಿಂದೆ ಮೂವರು. ಒಬ್ಬರ ಕೊರಳಲ್ಲಿ ಕ್ಯಾಮೆರಾ, ಒಬ್ಬರ ಕೈಯಲ್ಲಿ ಫೈಲು, ಮುಂದಿದ್ದವರ ಕೈಯಲ್ಲಿ ಅಳತೆಯ ಟೇಪು.

“ಗೇಟಲ್ಲೇ ಸಿಕ್ಕಿದ್ರು. ಬೈಲಪ್ಪನವರು ಅಂತ, ಮುಖ್ಯ ತೀರ್ಪುಗಾರರು,” ಎಂದು ಸರ್ವಮಂಗಳಮ್ಮ ಪರಿಚಯ ಮಾಡಿಕೊಟ್ಟರು. ಆಮೇಲೆ ಗಂಡನ ಬನೀನು ನೋಡಿದರು. ಆಮೇಲೆ ಅವರ ಕೈಯಲ್ಲಿದ್ದ ಸೌಟು ನೋಡಿದರು. ಮನೆಯೊಳಗಿಂದ ಸೀದ ಪಡವಲಕಾಯಿಯ ವಾಸನೆ ಬಂದು ಎಲ್ಲರನ್ನೂ ಸ್ವಾಗತಿಸಿತು.

“ಏನ್ರೀ ಅದು?”

“ಪಲ್ಯ,” ಎಂದರು ಗೌರೀಶಂಕರರು.

ಆಕೆ ಒಳಗೆ ಹೋಗಿ ನೋಡಿ ಬಂದರು. ಕೂಗಲಿಲ್ಲ. ಹಾಗೇ ಸೋಫಾದ ತುದಿಗೆ ಕೂತು, ಹೂವಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡರು. ಅದನ್ನು ನೋಡಿ ಗೌರೀಶಂಕರರಿಗೆ ಬೈಗುಳವೇ ಎಷ್ಟೋ ವಾಸಿ ಅನ್ನಿಸಿತು.

“ಅರ್ಧ ಇನ್ನೂ ಹಾಗೇ ಇದೆ ಸಾರ್. ಬಾಣಲೇಲಿರೋದನ್ನೂ ಆರಿಸಿ ಪಕ್ಕಕ್ಕೆ ಜೋಡಿಸಿಕೊಡ್ತೀನಿ, ಅಳೀಬಹುದು,” ಎಂದು ಬೈಲಪ್ಪನವರನ್ನು ಬೇಡಿದರು.

ಬೈಲಪ್ಪನವರು ಸಭ್ಯರು. “ಬಳ್ಳೀಲಿದ್ರೆ ಮಾತ್ರ ಅಳೆಯೋದು ಸಾರ್. ಮೇಲ್‌ನಲ್ಲಿ ಕೊನೇ ಸಾಲು ಅದೇ ಇತ್ತಲ್ಲ,” ಎಂದರು. ಬಂದವರು ಬರಿಗೈಲಿ ಹೋಗಬಾರದೆಂದು ಸರ್ವಮಂಗಳಮ್ಮ ಮೂವರಿಗೂ ಬಾಳೆಹಣ್ಣು ಕೊಟ್ಟು ಕಳಿಸಿದರು. ಅವರು ಹೊರಟು ಹೋದ ಮೇಲೆ ಗೌರೀಶಂಕರರು ಕೇಳಿದರು.

“ಆದ್ರೆ ಮಂಗಳಾ, ಗುರುವಾರದೊಳಗೆ ಉತ್ತರ ಹೋಗಿರಲಿಲ್ಲವಲ್ಲ?”

“ಹೋಗಿತ್ತು. ಅರ್ಜೀಲಿ ಎರಡನೇ ಇಮೇಲ್ ಅಂತ ಜಾಗ ಇತ್ತು, ನಂದೂ ಹಾಕಿದ್ದೆ. ನನ್ನ ಫೋನಲ್ಲೂ ಆ ಲಕೋಟೆ ಚಿತ್ರ ಇತ್ತು, ಒತ್ತಿದೆ, ಬಂತು. ಬನ್ನಿ ಅಂತ ಬರೆದೆ.”

“ನಂಗೊಂದು ಮಾತು ಹೇಳಬಾರದಾ?”

“ಮಂಗಳವಾರ ಕಾಫಿ ಕೊಡೋವಾಗ ಹೇಳಿದೆ. ಶನಿವಾರ ಹತ್ತಕ್ಕೆ ಬರ್ತಾರೆ ಅಂದೆ. ಎರಡು ಸಲ ಹೂಂ ಅಂದ್ರಿ.”

ಭಾನುವಾರ ವಿಲ್ಸನ್ ಗಾರ್ಡನ್ನಿನಿಂದ ಫೋನು ಬಂತು. ಈ ಸಲ ಸೋರೆಕಾಯಿಗೆ ಮೊದಲ ಬಹುಮಾನವಂತೆ. ಸರ್ವಮಂಗಳಮ್ಮ ಇಪ್ಪತ್ತು ನಿಮಿಷ ಕೇಳಿಸಿಕೊಂಡು, “ಸಂತೋಷ ಕಣಮ್ಮ,” ಎಂದು ಫೋನಿಟ್ಟರು. ಆಮೇಲೆ ನಿನ್ನೆಯ ಪಲ್ಯವನ್ನು ಬಿಸಿ ಮಾಡಿ ಗಂಡನ ತಟ್ಟೆಗೆ ಮಾತ್ರ ಬಡಿಸಿದರು. ಉಪ್ಪು ಜಾಸ್ತಿಯಾಗಿತ್ತು. ಗೌರೀಶಂಕರರು ಒಂದು ಚೂರೂ ಬಿಡದೆ ತಿಂದರು.

ಸೋಮವಾರ ಬೆಳಗ್ಗೆ ಸರಿಯಾಗಿ ಒಂಬತ್ತಕ್ಕೆ ಊಟದ ಮೇಜಿನ ಮೇಲಿದ್ದ ಅವರ ಫೋನು ಠಿಣ್ ಎಂದಿತು. ಬುಗುರಿ ಗಿರಗಿರನೆ ತಿರುಗಿ ನಮಸ್ಕರಿಸಿತು. ಬಲಕ್ಕೆ ಸವರಿದರೆ ‘ಸೋಮವಾರ ನೆನಪಿಸು’ ಎಂದು ಹೊಂದಿಸಿದವರು ಬೇರಾರೂ ಅಲ್ಲ. ನೋಟಿಫಿಕೇಶನ್ ಬಂದ್ ಮಾಡಿದ್ದರೂ, ನೆನಪಿಸುವ ಕೆಲಸವನ್ನು ಬುಗುರಿ ಬಿಡುವುದಿಲ್ಲ. ಫೋನಿನ ಹತ್ತಿರ ಇದ್ದವರು ಸರ್ವಮಂಗಳಮ್ಮ. ಕನ್ನಡಕ ಏರಿಸಿ, ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು.

“‘ತೀರ್ಪುಗಾರರು ಬಂದು ಅಳೆಯುವವರೆಗೆ ದಯವಿಟ್ಟು ಕಾಯಿಯನ್ನು ಬಳ್ಳಿಯಿಂದ ಕೀಳಬೇಡಿ.’”

ಫೋನನ್ನು ಇಟ್ಟು, ಪಕ್ಕದಲ್ಲಿದ್ದ ಗೆರೆ ಹಾಳೆಯನ್ನು ಎತ್ತಿಕೊಂಡರು. ‘ನೆನಪಿಸುವಿಕೆ’ ಎಂಬ ಬಾಬತ್ತಿನ ಎದುರು ಬುಗುರಿಗೆ ಹತ್ತಕ್ಕೆ ಹತ್ತು ಬಿದ್ದಿತ್ತು. ಆಕೆ ಮೂರು ಕಾಲಂಗಳನ್ನೂ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು.

“ನೀವು ಮೂರು ಹುಡುಗೀರನ್ನ ನೋಡಿದ್ರಿ ಅಂತ ಇಷ್ಟು ವರ್ಷ ಸಿಟ್ಟಿತ್ತು ನಂಗೆ,” ಎಂದರು.

“ಈಗ ಹೋಯ್ತಾ?” ಎಂದು ಗೌರೀಶಂಕರರು ಆಸೆಯಿಂದ ಕೇಳಿದರು.

“ಈಗ ನಿಮ್ಮ ಮೇಲೆ ಇಲ್ಲ, ನಮ್ಮಪ್ಪನ ಮೇಲೆ. ಅವರು ನೋಡಿದ್ದು ಒಂದೇ ಗಂಡು.”