ಡುಮ್ಮಕ್ಕನ ಚೊಚ್ಚಲ ಕಾವಿಗೆ ಸಿಬ್ಬಂದಿ ನೀಡುತ್ತಿರುವ ಸಹಾಯವನ್ನು ಕೂಡಲೇ ನಿಲ್ಲಿಸುವ ಬಗ್ಗೆ

ನೀರು ಶುದ್ಧೀಕರಣ ಘಟಕ
ಘಟಕಾಧಿಕಾರಿಯವರ ಕಾರ್ಯಾಲಯ

ಸಂಖ್ಯೆ: ನೀಶುಘ/ಸಿಬ್ಬಂದಿ/ಬಾತು/3
ದಿನ: ಬುಧವಾರ

ಸುತ್ತೋಲೆ

ವಿಷಯ: ಹಳೆಯ ಮೀಟರ್ ಶೆಡ್ಡಿನಲ್ಲಿ ಕಾವಿಗೆ ಕುಳಿತಿರುವ ಬಾತುಕೋಳಿಯ ಬಳಿ ಸಿಬ್ಬಂದಿ ನಡೆದುಕೊಳ್ಳಬೇಕಾದ, ಮುಖ್ಯವಾಗಿ ನಡೆದುಕೊಳ್ಳಬಾರದ ರೀತಿ.

ಉಲ್ಲೇಖ: (1) ಉಗ್ರಾಣ ಪಾಲಕಿಯವರ ಮೌಖಿಕ ದೂರು, ಸೋಮವಾರ.
(2) ಅದೇ ದೂರು, ಇನ್ನೂ ಜೋರಾಗಿ, ಮಂಗಳವಾರ.
(3) ಎರಡನೇ ಪಾಳಿಯ ಪಂಪ್ ಚಾಲಕರ ಅತ್ತೆಯವರ ದೂರವಾಣಿ ಕರೆ (ಯಾರೂ ಕೇಳದೆ ಬಂದದ್ದು).

ಪ್ರಸ್ತಾವನೆ:

ಸೋಮವಾರ ಬೆಳಿಗ್ಗೆ 10 ಗಂಟೆ 10 ನಿಮಿಷಕ್ಕೆ ಘಟಕದ ಬಾತುಕೋಳಿ ಗೂಡು ಬಿಟ್ಟು ಎದ್ದು ಅಂಗಳದಾಚೆಯ ಹೊಂಡಕ್ಕೆ ಹೋಯಿತು. ಮತ್ತೆ ಬಂದು ಕೂರುವ ಹೊತ್ತಿಗೆ ಮಧ್ಯಾಹ್ನದ ಊಟದ ಸೈರನ್ ಆಗಿತ್ತು. ನಡುವಿನ ಅವಧಿಯಲ್ಲಿ ಹತ್ತು ಮೊಟ್ಟೆಗಳು ತಣ್ಣಗೆ ಬಿದ್ದಿದ್ದವು.

ಸಿಬ್ಬಂದಿಯಲ್ಲಿ ‘ಡುಮ್ಮಕ್ಕ’ ಎಂದು ಕರೆಯಲ್ಪಡುವ ಸದರಿ ಬಾತುಕೋಳಿಗೆ ಇದು ಚೊಚ್ಚಲ ಕಾವು. ಕಳೆದ ವರ್ಷ ಇದರ ತಾಯಿ ಅರ್ಧ ಕಾವಿನಲ್ಲೇ ಮೊಟ್ಟೆಗಳನ್ನು ಬಿಟ್ಟೆದ್ದಾಗ, ಉಗ್ರಾಣ ಪಾಲಕಿಯವರು ಅವನ್ನು ಉಗ್ರಾಣದ ಬಲ್ಬಿನ ಕೆಳಗೆ ಇಟ್ಟಿದ್ದರು. ಅವುಗಳಲ್ಲಿ ಇದೊಂದೇ ಬದುಕಿತು. ಆದುದರಿಂದ ಕಾವಿಗೆ ಕೂರುವುದು ಹೇಗೆಂದು ತೋರಿಸಿಕೊಡುವವರು ಇದಕ್ಕೆ ಯಾರೂ ಇರಲಿಲ್ಲ; ಇದು ಹುಟ್ಟಿದಂದಿನಿಂದ ನೋಡಿದ್ದು ಬಲ್ಬನ್ನು ಮಾತ್ರ. ಘಟಕದ ಏಕೈಕ ಗಂಡು ಬಾತು ಈಚೆಗೆ ಬೀದಿನಾಯಿಗಳ ಪಾಲಾಯಿತು. ಮರಿಯಾಗಬಲ್ಲ ಮೊಟ್ಟೆಗಳಲ್ಲಿ ಈಗ ಇರುವ ಹತ್ತೇ ಕಡೆಯವು. ಇವು ಕೆಟ್ಟರೆ ಇನ್ನು ಮರಿಗಳಿಲ್ಲ.

ಬಾತುಕೋಳಿ ಎದ್ದು ಹೋಗಲು ಕಾರಣವೇನೆಂದು ವಿಚಾರಣೆ ನಡೆಸಲಾಯಿತು. ಈ ಘಟಕದಲ್ಲಿ ಒತ್ತಡ, ನೀರಿನ ಮಟ್ಟ, ಕ್ಲೋರಿನ್ ಇತ್ಯಾದಿಗಳನ್ನು ಗಂಟೆಗೊಮ್ಮೆ ನೋಡಿ ಬರೆಯುವುದು ರೂಢಿ. ಪಾಳಿ ಬದಲಾಗುವಾಗ ಹೋಗುವವರು ಬರುವವರಿಗೆ ಪ್ರತಿಯೊಂದನ್ನೂ ಕೈಯಲ್ಲಿ ಮುಟ್ಟಿ, ಎಣಿಸಿ ಒಪ್ಪಿಸುವುದೂ ರೂಢಿ. ಬಾತುಕೋಳಿ ಕಾವಿಗೆ ಕುಳಿತ ದಿನ ಮೊದಲ ಪಾಳಿಯ ಪಂಪ್ ಚಾಲಕರು ಪಂಪಿನ ಒತ್ತಡದ ಕೆಳಗೆ ‘ಬಾತು – 1, ಮೊಟ್ಟೆ – 10’ ಎಂದು ಕೈ ರೂಢಿಯಲ್ಲಿ ಬರೆದರು. ಒಮ್ಮೆ ಬರೆದದ್ದನ್ನು ಮುಂದಿನ ಪಾಳಿಯವರು ಖಾಲಿ ಬಿಡುವಂತಿರಲಿಲ್ಲ. ಅಂದಿನಿಂದ ಪ್ರತಿ ಪಾಳಿಯಲ್ಲೂ ಇಬ್ಬರು ಬಾತುಕೋಳಿಯ ಹೊಟ್ಟೆಯ ಕೆಳಗೆ ಕೈ ಹಾಕಿ ಎಣಿಸುತ್ತಿದ್ದಾರೆ. ಗಂಟೆಗೊಮ್ಮೆ ತಾಪಮಾಪಕವನ್ನೂ ತೂರಿಸಲಾಗುತ್ತಿದೆ. ಸೋಮವಾರ ಹತ್ತು ಗಂಟೆಯ ಪಾಳಿ ಬದಲಾವಣೆಯಲ್ಲಿ ಒಬ್ಬರ ಲೆಕ್ಕಕ್ಕೆ ಒಂಬತ್ತು, ಇನ್ನೊಬ್ಬರ ಲೆಕ್ಕಕ್ಕೆ ಹನ್ನೊಂದು ಬಂದದ್ದರಿಂದ ಮೂರನೇ ಎಣಿಕೆಗೆ ಆದೇಶಿಸಲಾಯಿತು. ಮೂರನೇ ಎಣಿಕೆಯ ನಡುವೆ ಬಾತುಕೋಳಿ ಎದ್ದಿತು. ಆದೇಶ ನೀಡಿದವರು ಯಾರೆಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಬಳಿಕ ನಡೆದದ್ದನ್ನೂ ಇಲ್ಲಿ ದಾಖಲಿಸುವುದು ಸೂಕ್ತ. ವಾಲ್ವ್‌ಮನ್ ಅವರು ಸೋಸುವ ತೊಟ್ಟಿಯ ಬಲೆ ಹಿಡಿದು ಬಂದು, “ಹಿಡಿದು ಕೂರಿಸಿಬಿಡೋಣ ಸಾರ್, ಐದ್ ನಿಮಿಷದ ಕೆಲಸ” ಎಂದರು. ಉಗ್ರಾಣ ಪಾಲಕಿಯವರು, “ಕೂರಿಸ್ತೀಯಾ? ನಿನ್ನನ್ನ ಹಿಂಗೆ ಹಿಡಿದು ಕೂರಿಸಿದ್ರೆ ನೀನು ಕೂರ್ತೀಯೇನಪ್ಪಾ? ಡ್ಯೂಟಿ ಟೈಮಲ್ಲೇ ಕೂರಲ್ಲ ನೀನು! ಎಲ್ರೂ ಹೋಗಿ ಇಲ್ಲಿಂದ. ನೀವು ಹೋದ್ರೆ ಅವಳು ಬರ್ತಾಳೆ” ಎಂದರು. ಯಾರೂ ಹೋಗಲಿಲ್ಲ. ಪಂಪ್ ಹೌಸಿನ ಗೋಡೆಯ ಹಿಂದೆ ಸಾಲಾಗಿ ನಿಂತು ತಲೆಗಳನ್ನು ಮಾತ್ರ ಹೊರಗೆ ಹಾಕಿದರು. ಬಾತುಕೋಳಿ ಹೊಂಡದ ನಡುವಿನಿಂದ ಆ ತಲೆಗಳನ್ನು ನೋಡುತ್ತಾ ಇದ್ದುಬಿಟ್ಟಿತು. ಊಟದ ಸೈರನ್ ಕೂಗಿ ಅಂಗಳ ಬರಿದಾದ ಮೇಲಷ್ಟೇ ಅದು ದಂಡೆ ಹತ್ತಿ, ಶೆಡ್ಡಿಗೆ ನಡೆದು, ಮೊಟ್ಟೆಗಳ ಮೇಲೆ ಕೂತಿತು.

ಮೊಟ್ಟೆಗಳೊಳಗಿನ ಜೀವ ಉಳಿದಿದೆಯೋ ಇಲ್ಲವೋ ಯಾರಿಗೂ ತಿಳಿಯದು. ದೀಪಕ್ಕೆ ಹಿಡಿದು ನೋಡಬಹುದು ಎಂದು ಪ್ರಯೋಗಾಲಯದ ಸಹಾಯಕಿಯವರು ಸಲಹೆ ನೀಡಿದರು. “ಈಗ ನೋಡಿ ಏನ್ ಮಾಡ್ತೀಯಮ್ಮ? ಸತ್ತಿದ್ರೆ ಬದುಕಿಸ್ತೀಯಾ? ಬದುಕಿದ್ರೆ ಬಿಟ್ಟು ಬರ್ತೀಯಾ?” ಎಂದು ಉಗ್ರಾಣ ಪಾಲಕಿಯವರು ಕೇಳಿದ್ದರಿಂದ ಸಲಹೆಯನ್ನು ಕೈಬಿಡಲಾಗಿದೆ.

ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ ಎಲ್ಲ ಪಾಳಿಗಳ ಸಿಬ್ಬಂದಿಗೆ ಕೆಳಗಿನಂತೆ ಕಟ್ಟುನಿಟ್ಟಾಗಿ ತಿಳಿಯಪಡಿಸಿದೆ:

1. ಈ ಸುತ್ತೋಲೆಯಲ್ಲಿ ‘ಸಹಾಯ’ ಎಂದರೆ ಶೆಡ್ಡಿನಿಂದ ದೂರವಿದ್ದು ತಮ್ಮ ತಮ್ಮ ಕೆಲಸ ಮಾಡಿಕೊಂಡಿರುವುದು. ಬೇರೆ ಯಾವುದನ್ನೂ ಸಹಾಯವೆಂದು ಪರಿಗಣಿಸಲಾಗುವುದಿಲ್ಲ. ತಮ್ಮ ತಮ್ಮ ಕೆಲಸ ಯಾವುದೆಂದು ತಿಳಿಯದವರು ಕಚೇರಿ ವೇಳೆಯಲ್ಲಿ ವಿಚಾರಿಸತಕ್ಕದ್ದು.

2. ಮೊಟ್ಟೆಗಳ ಎಣಿಕೆಯನ್ನು ರದ್ದುಪಡಿಸಲಾಗಿದೆ. ಪಾಳಿ ಒಪ್ಪಿಸುವಾಗ “ಕೂತಿದ್ದಾಳೆ” ಅಥವಾ “ಎದ್ದಿದ್ದಾಳೆ” ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಕು. ಎರಡನೇ ಪಾಳಿಯ ಪಂಪ್ ಚಾಲಕರು ಬಳಸುತ್ತಿರುವ “ಏನೋ ಯೋಚನೆ ಮಾಡ್ತಾ ಇದ್ದಾಳೆ” ಎಂಬ ಮೂರನೇ ಸ್ಥಿತಿಗೆ ಮಾನ್ಯತೆ ಇಲ್ಲ.

3. ತಾಪಮಾಪಕವನ್ನು ತೊಳೆದು ಸೋಸುವ ತೊಟ್ಟಿಗೆ ಹಿಂತಿರುಗಿಸತಕ್ಕದ್ದು. ಸರಿಯಾಗಿ ತೊಳೆಯತಕ್ಕದ್ದು.

4. ಬಾತುಕೋಳಿ ಬುಸುಗುಟ್ಟುವುದು ಕಾವಿನ ಲಕ್ಷಣವೇ ಹೊರತು ಮೇಲಧಿಕಾರಿಗಳೊಂದಿಗಿನ ಅನುಚಿತ ವರ್ತನೆಯಲ್ಲ. ಈ ಸಂಬಂಧ ಯಾವ ವಿವರಣೆಯನ್ನೂ ಕೇಳಲಾಗುವುದಿಲ್ಲ. ಹುರಿದುಂಬಿಸಲೆಂದು ಬೆನ್ನು ತಟ್ಟಲು ಹೋದ ಉನ್ನತ ಹುದ್ದೆಯವರೊಬ್ಬರ ಹೆಬ್ಬೆರಳಿಗೆ ಆದ ಗಾಯದ ಕುರಿತು ಕ್ಯಾಂಟೀನಿನಲ್ಲಿ ನಡೆಯುತ್ತಿರುವ ಚರ್ಚೆಯನ್ನು ಈ ಮೂಲಕ ಮುಕ್ತಾಯಗೊಳಿಸಲಾಗಿದೆ.

5. ದಿನಕ್ಕೊಮ್ಮೆ ಬಾತುಕೋಳಿ ತಾನಾಗಿ ಎದ್ದು, ತಿಂದು, ಹೊಂಡದಲ್ಲಿ ಮಿಂದು ಬರುತ್ತದೆ. ಇದನ್ನು ಗೈರುಹಾಜರಿ ಎಂದು ತಿಳಿಯತಕ್ಕದ್ದಲ್ಲ.

(ಅ) ಆ ವೇಳೆಯಲ್ಲಿ ಯಾರೂ ಹಿಂದೆ ಹೋಗತಕ್ಕದ್ದಲ್ಲ, ಮುಂದೆಯೂ ಹೋಗತಕ್ಕದ್ದಲ್ಲ. “ಬೇಗ ಬಾರೇ ತಾಯೀ” ಎಂದು ದಂಡೆಯಿಂದ ಕೂಗತಕ್ಕದ್ದಲ್ಲ. ಮರಳಿ ಕೂತಾಗ ಚಪ್ಪಾಳೆ ತಟ್ಟತಕ್ಕದ್ದಲ್ಲ.

(ಆ) ಅದು ಒದ್ದೆ ಮೈಯಲ್ಲಿ ಬಂದು ಕೂರುವುದರಿಂದ ಮೊಟ್ಟೆಯ ಚಿಪ್ಪಿಗೆ ಬೇಕಾದ ತೇವ ಸಿಗುತ್ತದೆ. “ಶೀತ ಆಗುತ್ತೆ ಪಾಪ” ಎಂದು ಅದನ್ನು ಒರೆಸಲು ನಿಂತಿದ್ದ ವಾಲ್ವ್‌ಮನ್ ಅವರು ಟವೆಲ್ಲನ್ನು ಮನೆಗೆ ಕೊಂಡೊಯ್ಯತಕ್ಕದ್ದು.

6. ಬಾತುಕೋಳಿ ತನ್ನ ಎದೆಯ ಮೆತ್ತನೆ ಪುಕ್ಕವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ಹೊರಗೆ ಹೋಗುವಾಗ ಮೊಟ್ಟೆಗಳ ಮೇಲೆ ಹೊದಿಸುತ್ತದೆ. ಅದಕ್ಕೆ ಕೂದಲುದುರುವ ಕಾಯಿಲೆ ಬಂದಿಲ್ಲ. ಪ್ರಯೋಗಾಲಯದವರು ಪರೀಕ್ಷೆಗೆಂದು ಲಕೋಟೆಯಲ್ಲಿ ಸಂಗ್ರಹಿಸಿರುವ ಪುಕ್ಕವನ್ನು ಗೂಡಿಗೆ ಮರಳಿಸತಕ್ಕದ್ದು. ಲಕೋಟೆ ಸಮೇತ ಮರಳಿಸತಕ್ಕದ್ದಲ್ಲ.

7. ಕಾವಿಗೆ ಕೂತ ಬಾತುಕೋಳಿ ದಿನವಿಡೀ ತಡೆದಿದ್ದನ್ನು ಒಂದೇ ಬಾರಿಗೆ ಹೊರಹಾಕುತ್ತದೆ. ಅದರ ಗಾತ್ರವೂ ವಾಸನೆಯೂ ಪ್ರಕೃತಿ ಸಹಜ. ಕಳೆದ ವಾರ ಇದೇ ವಾಸನೆಯನ್ನು ಹಿಡಿದು ಒಳಚರಂಡಿ ಒಡೆದಿದೆಯೆಂದು ತಿಳಿದು ಅಂಗಳದಲ್ಲಿ ಅಗೆದಿರುವ ಗುಂಡಿಗಳನ್ನು ಅಗೆದವರೇ ಮುಚ್ಚತಕ್ಕದ್ದು.

8. ಘಟಕದ ಉಳಿದ ಎರಡು ಹೆಣ್ಣು ಬಾತುಗಳು ಸದರಿ ಗೂಡಿಗೆ ನುಗ್ಗಿ ತಮ್ಮ ಮೊಟ್ಟೆಯನ್ನೂ ಅಲ್ಲೇ ಇಟ್ಟು ಹೋಗುವುದು ಗಮನಕ್ಕೆ ಬಂದಿದೆ. ತಮ್ಮ ಕೆಲಸವನ್ನು ಪಕ್ಕದವರ ಮೇಜಿನ ಮೇಲೆ ಇಟ್ಟು ಹೋಗುವ ಈ ಅಭ್ಯಾಸವನ್ನು ಅವು ಎಲ್ಲಿ ಕಲಿತವು ಎಂಬುದನ್ನು ಕಾರ್ಯಾಲಯವು ಬಲ್ಲದು. ಮೂಲ ಮೊಟ್ಟೆಗಳ ಮೇಲೆ ಉಗ್ರಾಣ ಪಾಲಕಿಯವರು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಗೆರೆಯಿಲ್ಲದವನ್ನು ಅವರೇ ತೆಗೆಯುತ್ತಾರೆ, ಬಾತುಕೋಳಿ ಹೊಂಡಕ್ಕೆ ಹೋದಾಗ. ಗೆರೆಯ ಪಕ್ಕದಲ್ಲಿ ಯಾರೂ ದೃಢೀಕರಿಸಿ ಸಹಿ ಮಾಡತಕ್ಕದ್ದಲ್ಲ.

9. ಶೆಡ್ಡಿನ ತಗಡಿನಲ್ಲಿರುವ ಮೊಳೆಯ ತೂತಿನಿಂದ ನೋಡಲು ಅನುಮತಿ ಇದೆ. ಒಮ್ಮೆಗೆ ಒಬ್ಬರು, ಒಂದೇ ಕಣ್ಣಿನಿಂದ. ಇನ್ನೊಂದು ಕಣ್ಣು ಕರ್ತವ್ಯದ ಮೇಲಿರತಕ್ಕದ್ದು. ಮೂಲ ತೂತಿನ ಪಕ್ಕದಲ್ಲಿ ವಾರದಿಂದೀಚೆಗೆ ಹುಟ್ಟಿಕೊಂಡಿರುವ ಹೊಸ ತೂತುಗಳು ಬೇರೆ ಬೇರೆ ಎತ್ತರದಲ್ಲಿದ್ದು, ಅವುಗಳಿಂದ ಕೊರೆದವರ ಎತ್ತರವನ್ನು ಅಂದಾಜಿಸಲಾಗಿದೆ.

10. ಗೂಡಿನ ಬಳಿ ರೇಡಿಯೋ ಹಚ್ಚುವುದು, ಸ್ವೆಟರ್ ಹೊದಿಸುವುದು ಹಾಗೂ ಕೆಳಗಿನ ಮಾದರಿಯ ಮಾತುಗಳನ್ನು ಆಡುವುದನ್ನು ನಿಷೇಧಿಸಲಾಗಿದೆ: “ಇನ್ನೇನ್ ಸ್ವಲ್ಪ ದಿನ ಕಣವ್ವ”, “ನನ್ ಹೆಂಡ್ತಿಗೂ ಮೊದಲನೇದು ಹಿಂಗೇ ಆಗಿತ್ತು”, “ಹೆದರ್ಕೋಬೇಡ, ನಾವಿದ್ದೀವಿ”. ಕೊನೆಯ ಮಾತು ಕೇಳಿದ ಮೇಲೆಯೇ ಅದು ಹೆಚ್ಚು ಹೆದರುತ್ತದೆ ಎಂಬುದು ಉಗ್ರಾಣ ಪಾಲಕಿಯವರ ಅಭಿಪ್ರಾಯ. ಚೊಚ್ಚಲಿಗೆ ಪಕ್ಕದಲ್ಲಿ ಹಿರಿಯರೊಬ್ಬರು ಇರಬೇಕೆಂಬ ಉಲ್ಲೇಖ (3)ರ ಸಲಹೆಯನ್ನು ಗೌರವಪೂರ್ವಕವಾಗಿ ನಿರಾಕರಿಸಲಾಗಿದೆ. ಅತ್ತೆಯವರು ಬ್ಯಾಗು ಸಮೇತ ಹೊರಟಿರುವುದಾಗಿ ತಿಳಿದುಬಂದಿದ್ದು, ಅವರನ್ನು ತಡೆಯುವ ಹೊಣೆ ಅಳಿಯಂದಿರದೇ.

11. ಮೊಟ್ಟೆಯಲ್ಲಿ ಬಿರುಕು ಕಂಡಲ್ಲಿ ಸೋರಿಕೆ ದುರಸ್ತಿ ತಂಡವನ್ನು ಕರೆಯತಕ್ಕದ್ದಲ್ಲ. ಬಿರುಕಿಗೆ ಟೇಪು ಸುತ್ತತಕ್ಕದ್ದಲ್ಲ. ಈ ಒಂದು ಸಂದರ್ಭದಲ್ಲಿ ಬಿರುಕು ಶುಭ ಸೂಚನೆ ಎಂಬುದನ್ನು ದುರಸ್ತಿ ತಂಡದವರು ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಬಿರುಕು ಬಿಟ್ಟ ಮೇಲೆ ಮರಿ ಹೊರಬರಲು ಒಂದು ದಿನವೋ ಅದಕ್ಕಿಂತ ಹೆಚ್ಚೋ ಹಿಡಿಯಬಹುದು. ಇದನ್ನು ವಿಳಂಬವೆಂದು ಪರಿಗಣಿಸಿ ಜ್ಞಾಪನ ನೀಡತಕ್ಕದ್ದಲ್ಲ. ಚಿಪ್ಪು ಒಡೆಯುವ ಕೆಲಸ ಒಳಗಿರುವವರದ್ದು. ಹೊರಗಿನಿಂದ ಒಡೆದರೆ ಮರಿಗೆ ರಕ್ತಸ್ರಾವವಾಗುತ್ತದೆ. ವಾಲ್ವ್‌ಮನ್ ಅವರು ಅತಿ ಸಣ್ಣ ಸ್ಪ್ಯಾನರ್ ಬೇಕೆಂದು ಸಲ್ಲಿಸಿರುವ ಬೇಡಿಕೆಯನ್ನು ಕಾರಣ ಕೇಳದೆಯೇ ತಿರಸ್ಕರಿಸಲಾಗಿದೆ.

12. ಹುಟ್ಟದಿರುವ ಮರಿಗಳಿಗೆ ಹೆಸರಿಡುವುದು, “ಆ ಮೂಲೇದು ನಂದು” ಎಂದು ಮುಂಗಡ ಕಾಯ್ದಿರಿಸುವುದು, ಕಾಯ್ದಿರಿಸಿದ್ದನ್ನು ಪಾಳಿ ಬದಲಾವಣೆಗಾಗಿ ವಿನಿಮಯ ಮಾಡಿಕೊಳ್ಳುವುದು ಇವೆಲ್ಲವನ್ನೂ ಅನೂರ್ಜಿತಗೊಳಿಸಲಾಗಿದೆ.

13. ಶೆಡ್ಡಿನ ಒಳಗೆ ಪ್ರವೇಶ ಉಗ್ರಾಣ ಪಾಲಕಿಯವರಿಗೆ ಮಾತ್ರ. ಕಾಳು ಮತ್ತು ನೀರನ್ನು ಅವರೇ ಇಟ್ಟು ಬರುತ್ತಾರೆ. ಅವರನ್ನು “ಏನಾಯ್ತಕ್ಕಾ?” ಎಂದು ಒಬ್ಬೊಬ್ಬರೂ ಬಂದು ಕೇಳುವುದನ್ನು ನಿಲ್ಲಿಸತಕ್ಕದ್ದು. ಮಂಗಳವಾರ ಹೀಗೆ ಕೇಳಿದಾಗ ಅವರು, “ಏನಾಗಿದ್ರೂ ಈಗಾಗ್ಲೇ ಆಗಿದೆ. ಅವಳಮ್ಮ ಎದ್ದು ಹೋದ್ಲು, ವಾಪಸ್ ಬರ್ಲಿಲ್ಲ. ಇವಳು ವಾಪಸ್ ಬಂದಿದ್ದಾಳೆ. ನಂಗೆ ಅಷ್ಟೇ ಗೊತ್ತಿರೋದು” ಎಂದು ಹೇಳಿ ಉಗ್ರಾಣದ ಬಾಗಿಲು ಹಾಕಿಕೊಂಡರು. ಈ ಉತ್ತರವನ್ನು ಎಲ್ಲ ಪಾಳಿಗಳಿಗೂ ಅನ್ವಯವಾಗುವ ಅಂತಿಮ ಉತ್ತರವೆಂದು ಭಾವಿಸತಕ್ಕದ್ದು.

14. ಮೊಟ್ಟೆಗಳು ಒಡೆಯದೇ ಹೋದ ಪಕ್ಷದಲ್ಲಿ, “ಹೋಗ್ಲಿ ಬಿಡಿ, ಬಾತುಕೋಳಿ ತಾನೇ” ಎಂದು ಯಾರೂ ಉಗ್ರಾಣ ಪಾಲಕಿಯವರಿಗೆ ಹೇಳತಕ್ಕದ್ದಲ್ಲ. ಹೇಳಿದವರ ಮೇಲೆ ಕ್ರಮ ಜರುಗಿಸಲಾಗುವುದು. ಯಾವ ನಿಯಮದಡಿ ಎಂಬುದನ್ನು ನಂತರ ಹುಡುಕಲಾಗುವುದು.

15. ಮೇಲಿನ ಎಲ್ಲ ಅಂಶಗಳು ಘಟಕಾಧಿಕಾರಿಯವರಿಗೂ ಅನ್ವಯಿಸುತ್ತವೆ. ಈ ಅಂಶವನ್ನು ಉಗ್ರಾಣ ಪಾಲಕಿಯವರ ಒತ್ತಾಯದ ಮೇರೆಗೆ ಸೇರಿಸಲಾಗಿದೆ.

ಈ ಸುತ್ತೋಲೆಯು ಕೊನೆಯ ಮರಿ ಹೊರಬರುವವರೆಗೆ, ಅಥವಾ ಬಾತುಕೋಳಿ ತಾನೇ ಸಾಕೆಂದು ಎದ್ದು ಬರುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಜಾರಿಯಲ್ಲಿರುತ್ತದೆ.

(ಸಹಿ/-)
ಘಟಕಾಧಿಕಾರಿ
(ಹೆಬ್ಬೆರಳಿಗೆ ಬಟ್ಟೆ ಸುತ್ತಿರುವ ಕಾರಣ ಸಹಿಯಲ್ಲಿ ವ್ಯತ್ಯಾಸವಿದ್ದು, ಇದನ್ನೇ ಅಸಲು ಸಹಿ ಎಂದು ತಿಳಿಯತಕ್ಕದ್ದು)

ಪ್ರತಿಗಳು:
– ಎಲ್ಲ ಪಾಳಿಗಳ ಪಂಪ್ ಚಾಲಕರಿಗೆ, ಪಾಲನೆಗಾಗಿ.
– ಪ್ರಯೋಗಾಲಯದ ಸಹಾಯಕಿಯವರಿಗೆ, ಪುಕ್ಕ ಮರಳಿಸಲು.
– ವಾಲ್ವ್‌ಮನ್ ಅವರಿಗೆ ಎರಡು ಪ್ರತಿ. ಒಂದು ಓದಲು, ಇನ್ನೊಂದು ತಿಂಡಿ ಕಟ್ಟಲು.
– ಸೋರಿಕೆ ದುರಸ್ತಿ ತಂಡಕ್ಕೆ. ಅಂಶ 11ನ್ನು ಗಟ್ಟಿಯಾಗಿ ಓದಿ ಹೇಳತಕ್ಕದ್ದು.
– ಎರಡನೇ ಪಾಳಿಯ ಪಂಪ್ ಚಾಲಕರ ಅತ್ತೆಯವರಿಗೆ, ಬಸ್ ನಿಲ್ದಾಣದಲ್ಲೇ ತಲುಪಿಸಲು.
– ಉಗ್ರಾಣ ಪಾಲಕಿಯವರಿಗೆ, ಕ್ಷಮೆಯೊಂದಿಗೆ.
– ಶೆಡ್ಡಿನ ಬಾಗಿಲಿಗೆ. ಸದ್ದಾಗದಂತೆ ಅಂಟಿಸತಕ್ಕದ್ದು, ಮೊಳೆ ಹೊಡೆಯತಕ್ಕದ್ದಲ್ಲ.
– ಕಚೇರಿ ಪ್ರತಿ.

ಷರಾ (ನಂತರ ಸೇರಿಸಿದ್ದು):
ಭಾನುವಾರ ಬೆಳಿಗ್ಗೆ ಮೊದಲ ಮೊಟ್ಟೆ ಬಿರುಕು ಬಿಟ್ಟಿತು. ಮಂಗಳವಾರದ ಹೊತ್ತಿಗೆ ಹತ್ತರಲ್ಲಿ ಏಳು ಒಡೆದವು, ಮೂರು ಒಡೆಯಲಿಲ್ಲ. ಬುಧವಾರ ಮಧ್ಯಾಹ್ನ ಬಾತುಕೋಳಿ ಏಳು ಮರಿಗಳನ್ನು ಕರೆದುಕೊಂಡು ಅಂಗಳ ದಾಟಿ ಹೊಂಡಕ್ಕೆ ಇಳಿಯಿತು. ಉಗ್ರಾಣ ಪಾಲಕಿಯವರು ಅರ್ಧ ದಿನದ ರಜೆ ಹಾಕಿ ದಂಡೆಯ ಮೇಲೆ ಕುಳಿತಿದ್ದರು.