ಎಡಕ್ಕೆ ಮಾತ್ರ ತಿರುಗುವ ಗಾಡಿ

ಕಬ್ಬಿಣದ ಜೊತೆ ಬದುಕುವವನಿಗೆ ನಗೆಪಾಟಲಾಗುವುದು ತಪ್ಪಿದ್ದಲ್ಲ. ಒಂದು ಬೋಲ್ಟು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತದೆ, ಸರಿಯಾಗಿ ಅದೇ ಹೊತ್ತಿಗೆ ನೋಡಲು ನಾಲ್ಕು ಜನ ಬಂದು ನಿಂತಿರುತ್ತಾರೆ. ನಾನು ಇಷ್ಟು ವರ್ಷ ಸ್ಪ್ಯಾನರ್ ಹಿಡಿದದ್ದರಲ್ಲಿ ಚೆನ್ನಾಗಿ ನಡೆದ ಕೆಲಸವನ್ನು ಯಾರೂ ನೋಡಿದ್ದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಯಲ್ಲಾಪುರದಲ್ಲಿ, ಎಲ್ಲರೂ ಮಾಮು ಎನ್ನುತ್ತಿದ್ದ ಮಾಲೀಕರ ಲಾರಿ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದೆ. ಒಂದು ದಿನ ಅವರ ಜೊತೆ ಜಗಳವಾಡಿ, “ನಿಮ್ಮ ಲಾರಿ ನಿಮಗೇ ಇರಲಿ, ನಾನು ಇದಕ್ಕಿಂತ ದೊಡ್ಡ ಯಂತ್ರ ನೋಡ್ಕೊಳ್ತೀನಿ” ಎಂದು ಎಲ್ಲರ ಎದುರು ಹೇಳಿ ಹೊರಬಿದ್ದೆ. ಬನವಾಸಿ ಕಡೆಯ ಒಬ್ಬ ರಸ್ತೆ ಗುತ್ತಿಗೆದಾರರ ಬಳಿ ಮಿಸ್ತ್ರಿಯಾಗಿ ಸೇರಿದೆ. ಅವರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು.

ದೊಡ್ಡ ಯಂತ್ರವೇನೋ ಇತ್ತು. ಹರಾಜಿನಲ್ಲಿ ಹಿಡಿದ ಹಳೇ ಟ್ರ್ಯಾಕ್ಟರು, ಅದರ ಬೆನ್ನಿಗೆ ಮಣ್ಣು ತೋಡುವ ಉದ್ದನೆಯ ಕಬ್ಬಿಣದ ಕೈ, ಕೈಯ ತುದಿಗೆ ಬಕೆಟ್ಟು. ಈಗಿನವರು ಬ್ಯಾಕ್‌ಹೋ ಎನ್ನುತ್ತಾರೆ, ನಾವು ಸೊಂಡಿಲಗಾಡಿ ಎನ್ನುತ್ತಿದ್ದೆವು. ಆ ಸೊಂಡಿಲನ್ನು ಎಡಬಲಕ್ಕೆ ತಿರುಗಿಸಲು ಬುಡದಲ್ಲಿ ಎಣ್ಣೆಯ ಒತ್ತಡದಿಂದ ನಡೆಯುವ ಎರಡು ಸಿಲಿಂಡರು. ಒಂದು ಎಡಕ್ಕೆ ಎಳೆಯಬೇಕು, ಇನ್ನೊಂದು ಬಲಕ್ಕೆ. ಬಲದ್ದು ಸೋರುತ್ತಿತ್ತು.

ಸಾವ್ಕಾರ್ರು ಮೊದಲೇ ಹೇಳಿಬಿಟ್ಟಿದ್ದರು: “ನೋಡಪಾ ಮಿಸ್ತ್ರಿ, ಮಳಿ ಹಿಡಿಯೂದ್ರಾಗ ಇದು ಎರಡೂ ಕಡೆ ತಿರುಗಬೇಕು. ಇಲ್ಲಾಂದ್ರ ಗುಜರಿಗೆ ಹಾಕ್ತೀನಿ. ಗಾಡಿ ಹೋದ್ಮ್ಯಾಲ ಮಿಸ್ತ್ರಿ ಯಾಕ ಬೇಕು, ನೀನಽ ಹೇಳು.”

ತಲೆ ತಗ್ಗಿಸಿಕೊಂಡು ಮಾಮುವಿನ ಗ್ಯಾರೇಜಿನ ಬಾಗಿಲಿಗೆ ಹೋಗಿ ನಿಲ್ಲುವುದು ನನ್ನಿಂದಾಗುವ ಮಾತಾಗಿರಲಿಲ್ಲ. ಗಾಡಿ ಓಡಿಸುತ್ತಿದ್ದ ಚಾಚಾನಿಗೆ ನನಗಿಂತ ಹೆಚ್ಚು ಚಿಂತೆ. ಅವರಿಗೆ ವಯಸ್ಸಾಗಿತ್ತು, ಬೇರೆ ಯಾವ ಗಾಡಿಯನ್ನೂ ಯಾರೂ ಅವರ ಕೈಗೆ ಕೊಡುವಂತಿರಲಿಲ್ಲ.

ಗುಡ್ಡದ ಮಣ್ಣು ಗುಡ್ಡಕ್ಕೆ

ಕೆಲಸ ಅರಬೈಲ್ ಘಟ್ಟದ ರಸ್ತೆಯಲ್ಲಿ. ರಸ್ತೆಯಂಚಿನ ಗಟಾರದಲ್ಲಿ ತುಂಬಿದ ಮಣ್ಣನ್ನು ತೆಗೆದು ಆಚೆ ಕಣಿವೆಗೆ ಹಾಕಬೇಕು. ಗಾಡಿ ನಿಂತ ರೀತಿಯಲ್ಲಿ ಎಡಕ್ಕೆ ಗುಡ್ಡ, ಬಲಕ್ಕೆ ಕಣಿವೆ. ಗಾಡಿಯೋ ಎಡಕ್ಕೆ ಮಾತ್ರ ತಿರುಗುತ್ತದೆ! ಚಾಚಾ ಗಟಾರದಿಂದ ಮಣ್ಣು ಎತ್ತಿ ಎಡಕ್ಕೆ ತಿರುಗಿಸಿ ಗುಡ್ಡದ ಮೇಲೆ ಸುರಿಯುತ್ತಿದ್ದರು. ಆಮೇಲೆ ಆಳುಗಳು ಹೆಗಲು ಕೊಟ್ಟು ಸೊಂಡಿಲನ್ನು ನೂಕಿ ಮತ್ತೆ ನೇರಕ್ಕೆ ತರುತ್ತಿದ್ದರು. ಅಷ್ಟರೊಳಗೆ ಗುಡ್ಡದ ಮೇಲಿನ ಮಣ್ಣು ಜಾರಿ ಗಟಾರಕ್ಕೇ ಇಳಿದಿರುತ್ತಿತ್ತು.

ಗಾಡಿಯನ್ನು ಹಿಂದುಮುಂದು ಮಾಡಿ ನಿಲ್ಲಿಸೋಣವೆಂದರೆ ರಸ್ತೆ ಅಷ್ಟು ಅಗಲವಿರಲಿಲ್ಲ. ಬಸ್ಸಿನವರು ಬೈಯುತ್ತಿದ್ದರು.

ಒಂದು ಬೆಳಿಗ್ಗೆ ಸಾವ್ಕಾರ್ರು ಬಂದು, ಕೊಡೆ ಊರಿಕೊಂಡು, ಬಹಳ ಹೊತ್ತು ನೋಡಿದರು. ಬಯ್ಯಲಿಲ್ಲ. ಮೆತ್ತಗೆ ಕೇಳಿದರು: “ಚಾಚಾ, ನಾವು ರಸ್ತೆ ಕೆಲಸ ಹಿಡದೇವೋ, ಮಣ್ಣಿಗೆ ಕಸರತ್ತು ಕಲಸಾಕ ಬಂದೇವೋ?”

ಹೂವಿನ ವಾಷರು

ಸಿಲಿಂಡರನ್ನು ಬಿಚ್ಚಿ ನೋಡಿದೆ. ಒಳಗೆ ಎಣ್ಣೆಯನ್ನು ತಡೆಯಲು ಬಟ್ಟಲಿನ ಆಕಾರದ ಚರ್ಮದ ವಾಷರು ಇರುತ್ತದೆ. ಅದು ಸವೆದು ಹಳೇ ಹಪ್ಪಳದ ಹಾಗಾಗಿತ್ತು. ಬೊಂಬಾಯಿಯಿಂದ ಹೊಸದು ತರಿಸಲು ಹೇಳಿ ಕಳಿಸಿ ಎಷ್ಟೋ ದಿನವಾಗಿತ್ತು, ಸುದ್ದಿಯಿಲ್ಲ. ಬಸ್ಸು ಹಿಡಿದು ಶಿರಸಿಗೆ ಹೋಗಿ, ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಅಜ್ಜನಿಗೆ ಹಳೆಯದನ್ನು ತೋರಿಸಿದೆ.

“ಇದೇ ಅಳತೆ, ಇದೇ ಆಕಾರ. ಒಳ್ಳೇ ಚರ್ಮ ಹಾಕಿ ಅಜ್ಜ. ನನ್ನ ಮರ್ಯಾದೆ ಇದರ ಮೇಲೆ ನಿಂತದೆ.”

ಆ ಕೊನೆಯ ಮಾತು ಹೇಳಬಾರದಿತ್ತು. ಅಜ್ಜ ಅದನ್ನು ಮನಸ್ಸಿಗೆ ತೆಗೆದುಕೊಂಡುಬಿಟ್ಟ. ಸಂಜೆ ಹೋದರೆ ಕಾಗದದಲ್ಲಿ ಸುತ್ತಿ ಕೊಟ್ಟ. ನಾನೂ ಬಸ್ಸಿನ ಗಡಿಬಿಡಿಯಲ್ಲಿ ಮೇಲಿನಿಂದ ಮುಟ್ಟಿ ನೋಡಿ ಜೇಬಿಗೆ ಹಾಕಿದೆ. ಮರುದಿನ ಬೆಳಕು ಹರಿಯುವ ಮೊದಲೇ ಘಟ್ಟದಲ್ಲಿ ಕಾಗದ ಬಿಚ್ಚಿ, ಎಣ್ಣೆಯಲ್ಲಿ ಅದ್ದಿ, ಬೆರಳಿನ ಅಂದಾಜಿನಲ್ಲೇ ಸಿಲಿಂಡರಿನೊಳಗೆ ಕೂರಿಸಿದೆ. ಚಾಚಾ ಬಿಸ್ಮಿಲ್ಲಾ ಎಂದು ಹಿಡಿಕೆ ಎಳೆದರು. ಎಣ್ಣೆ ಪಿಚಕಾರಿಯ ಹಾಗೆ ಹಾರಿ ಅವರ ಬಿಳಿ ಗಡ್ಡವನ್ನು ಕಪ್ಪು ಮಾಡಿತು. ಬಿಚ್ಚಿ ತೆಗೆದು ಬಿಸಿಲಿಗೆ ಹಿಡಿದರೆ ವಾಷರಿನ ಸುತ್ತ ಸಾಲಾಗಿ ಸಣ್ಣ ಸಣ್ಣ ತೂತು! ಮದುವೆ ಚಪ್ಪಲಿಯ ಪಟ್ಟಿಗೆ ಹೊಡೆಯುತ್ತಾರಲ್ಲ, ಆ ಹೂವಿನ ಚಿತ್ತಾರ.

ಮತ್ತೆ ಶಿರಸಿ. ಅಜ್ಜ ತೂತುಗಳನ್ನು ಪ್ರೀತಿಯಿಂದ ಸವರಿ ನೋಡಿದ. “ಮರ್ಯಾದೆ ವಿಷಯ ಅಂದ್ಯಲ್ಲೋ ತಮ್ಮಾ, ಅದಕ್ಕೆ ಹಾಕ್ದೆ. ಒಳಗೆ ಹೋಗೂದು, ಯಾರಿಗೂ ಕಾಣೂದಿಲ್ಲ ಅಂತ ಗೊತ್ತಿದ್ರೆ ಅರ್ಧ ಹೂವು ಸಾಕಾಗಿತ್ತು.”

ಸೋರದೇ ಇದ್ದದ್ದಕ್ಕೆ ತಕರಾರು

ಎರಡನೇ ವಾಷರನ್ನು ಅಜ್ಜ ಮುಖ ಸಣ್ಣದು ಮಾಡಿಕೊಂಡೇ ಬೋಳಾಗಿ ಮಾಡಿಕೊಟ್ಟ. ಸೋರುವುದು ನಿಂತಿತು. ಸೊಂಡಿಲು ಬಲಕ್ಕೂ ತಿರುಗಿತು. ಆ ದಿನ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಮಾಮುವಿನ ಗ್ಯಾರೇಜಿನ ಎದುರಿಗೇ ಈ ಗಾಡಿಯನ್ನು ಒಮ್ಮೆ ಓಡಿಸಿಕೊಂಡು ಹೋಗಬೇಕು ಅನ್ನಿಸಿತು.

ಆದರೆ ವಜ್ರಳ್ಳಿ ಕಡೆಯ ಎತ್ತಿನಗಾಡಿಯ ಹೆಗಡೆಯವರೊಬ್ಬರು ಮುಖ ಗಂಟಿಕ್ಕಿಕೊಂಡು ಬಂದರು. ನಮ್ಮ ಗಾಡಿಯ ಅಡಿಗೆ ರಾತ್ರಿಯಿಡೀ ಒಂದು ಗಡಿಗೆ ಇಟ್ಟು, ಬೆಳಿಗ್ಗೆ ಅದರಲ್ಲಿ ಬಿದ್ದ ಎಣ್ಣೆಯನ್ನು ತಮ್ಮ ಗಾಡಿಯ ಅಚ್ಚಿಗೆ ಹಾಕುವುದು ಅವರ ರೂಢಿಯಾಗಿತ್ತಂತೆ.

“ಎಂತ ಮಾಡಿಟ್ಟೆ ಮಾರಾಯಾ? ನಿನ್ನೆಯಿಂದ ಒಂದು ಹನಿನೂ ಬಿದ್ದಿದಿಲ್ಲೆ! ಆನು ಗಾಡಿ ಹೊಡಕಂಡು ಹೋಗದು ಹ್ಯಾಂಗೆ?”

ನಾನು ಕ್ಷಮೆ ಕೇಳಿದೆ. ಸೋರಿಕೆ ನಿಲ್ಲಿಸಿದ್ದಕ್ಕೆ ಕ್ಷಮೆ ಕೇಳಿದ ಮಿಸ್ತ್ರಿ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಅವರ ನಿಟ್ಟುಸಿರು ತಾಗಿತೋ ಏನೋ, ವಾರ ಕಳೆಯುವುದರೊಳಗೆ ಮತ್ತೆ ಸೋರತೊಡಗಿತು. ಈ ಸಲ ತಪ್ಪು ವಾಷರಿನದಲ್ಲ. ಸಿಲಿಂಡರಿನ ಒಳಗೋಡೆಯಲ್ಲೇ ಆಳವಾದ ಗೀರು ಬಿದ್ದಿತ್ತು, ಎಷ್ಟು ವಾಷರು ಹಾಕಿದರೂ ಗೀರು ಅದನ್ನು ಹರಿದುಹಾಕುತ್ತದೆ. ನಾನು ರಸ್ತೆಬದಿಯ ಕಲ್ಲಿನ ಮೇಲೆ ತಲೆಗೆ ಕೈಕೊಟ್ಟು ಕೂತೆ. ಹೆಗಡೆಯವರು ಒಂದು ಚಿಪ್ಪು ಬಾಳೆಹಣ್ಣು ತಂದು ಪಕ್ಕದಲ್ಲಿಟ್ಟರು.

“ಈಗ ಸರಿಯಾತು ನೋಡು. ನಿನ್ನ ಕೈಗುಣ ಒಳ್ಳೇದಿದ್ದು!”

ಅರ್ಧ ಎಣ್ಣೆ, ಅರ್ಧ ಕೋಣ

ಆ ಬಾಳೆಹಣ್ಣು ತಿನ್ನುತ್ತಲೇ ಯೋಚನೆ ಹೊಳೆಯಿತು. ಎಡದ ಸಿಲಿಂಡರು ಗಟ್ಟಿಯಾಗಿದೆ. ಬಲಕ್ಕೆ ಎಳೆಯಲು ಮಾತ್ರ ಏನಾದರೂ ಬೇಕು. ಅದು ಸಿಲಿಂಡರೇ ಆಗಬೇಕೆಂದು ಯಾರು ಹೇಳಿದರು? ಸಿದ್ದಾಪುರದ ಕಡೆ ಆಲೆಮನೆಗಳು ಮುಗಿದಿದ್ದವು. ಕಬ್ಬಿನ ಗಾಣ ತಿರುಗಿಸುವ ಕೋಣಗಳು ಸುಮ್ಮನೆ ಮೇಯುತ್ತಿದ್ದವು. ಅಂಥದೊಂದು ಕೋಣವನ್ನು ಯಜಮಾನನ ಸಮೇತ ಕರೆಸಿದೆ. ಉದ್ದನೆಯ ಹಗ್ಗದ ಒಂದು ತುದಿ ಸೊಂಡಿಲಿಗೆ, ಇನ್ನೊಂದು ಕೋಣದ ನೊಗಕ್ಕೆ. ಎಡಕ್ಕೆ ಎಣ್ಣೆ, ಬಲಕ್ಕೆ ಕೋಣ. ನಾವು ಉಳಿದುಕೊಂಡಿದ್ದ ಬಿಡಾರದ ಬಯಲಿನಲ್ಲಿ, ಯಜಮಾನ ಮೂಗುದಾರ ಹಿಡಿದು ನಡೆಸಿದಾಗ ಬಹಳ ಚೆನ್ನಾಗಿ ನಡೆಯಿತು. ಚಾಚಾನ ಕಣ್ಣಲ್ಲಿ ನೀರು ಬಂತು.

ಅದೇ ಬಯಲಿನಲ್ಲಿ ಇಟ್ಟ ಪರೀಕ್ಷೆಗೆ ಸಾವ್ಕಾರ್ರು ಒಬ್ಬರೇ ಬರಲಿಲ್ಲ. ಹುಬ್ಬಳ್ಳಿಯ ಗುಜರಿ ವ್ಯಾಪಾರಿಯನ್ನೂ ಕರೆತಂದಿದ್ದರು. ಅವನನ್ನು ನೋಡಿದ್ದೇ ನಾನು ಹಗ್ಗದ ಗಂಟುಗಳನ್ನು ಇನ್ನೊಮ್ಮೆ ಬಿಗಿದೆ. ಅವನು ಬಿಡಾರದೊಳಗೆ ಚಾ ಕುಡಿಯಲು ಕೂತ. ಸಾವ್ಕಾರ್ರು ಗಾಡಿಯ ದೊಡ್ಡ ಚಕ್ರಕ್ಕೆ ಆತು ನಿಂತು, “ಹೂಂ, ನಡಸ್ರಿ” ಎಂದರು.

ಚಾಚಾ ಸೊಂಡಿಲನ್ನು ಎಡಕ್ಕೆ ತಿರುಗಿಸಿದರು. ಕೋಣದ ಯಜಮಾನನಿಗೆ ಸಾವ್ಕಾರರ ಎದುರು ಉಮೇದು ಬಂದುಬಿಟ್ಟಿತು. “ಇದಕ್ಕೆ ಮನುಷ್ಯ ಎಂತಕ್ಕೆ ಬೇಕು? ತಾನೇ ನಡೀತದೆ” ಎಂದು ಮೂಗುದಾರ ಬಿಟ್ಟು, ಎಲೆಅಡಿಕೆಯ ಕವಳ ಹಾಕುತ್ತ ದೂರ ನಿಂತ.

ತಾನೇ ನಡೆಯಿತು. ಸೊಂಡಿಲು ಬಲಕ್ಕೆ ಬಂತು, ನಿಂತಿತು. ಕೋಣ ನಿಲ್ಲಲಿಲ್ಲ. ಹುಟ್ಟಿದಾಗಿನಿಂದ ಗಾಣ ಸುತ್ತಿದ ಪ್ರಾಣಿ, ಅರ್ಧ ಸುತ್ತಿಗೆ ನಿಲ್ಲುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಗಾಡಿಯ ಮೂತಿಯನ್ನು ಬಳಸಿತು, ಹಿಂದಕ್ಕೆ ಬಂತು, ಮತ್ತೆ ಹೊರಟಿತು. ಹಗ್ಗ ಜೊತೆಗೇ ಸುತ್ತಿತು. ಚಾಚಾನನ್ನು ಸೀಟಿಗೆ ಬಿಗಿಯಿತು, ಸಾವ್ಕಾರ್ರನ್ನು ಕೊಡೆಯ ಸಮೇತ ಚಕ್ರಕ್ಕೆ.

“ನಿಲ್ಸೋ ಅದನ್ನ!” ಎಂದು ನಾನು ಕೂಗಿದೆ.

ಯಜಮಾನ ಕವಳ ಉಗಿದು ಸಮಾಧಾನವಾಗಿ ಹೇಳಿದ: “ಹಾಂಗೆಲ್ಲ ನಿಲ್ಲೂದಿಲ್ಲ. ಕಬ್ಬಿನ ಹಾಲಿನ ಬಾನಿ ತುಂಬಿದ್ಮೇಲೆ ಡಬ್ಬ ಬಡೀತೇವೆ, ಆಗ ನಿಲ್ತದೆ.”

ನಾನು ಎಣ್ಣೆಯ ಡಬ್ಬ ಎತ್ತಿ ಬಡಿದೆ. ಕೋಣ ತಕ್ಷಣ ನಿಂತಿತು. ಆ ಸದ್ದಿಗೆ ಗುಜರಿ ವ್ಯಾಪಾರಿ ಚಾ ಲೋಟ ಹಿಡಿದು ಹೊರಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿದ. ಹಗ್ಗದ ಬಿಗಿ ನೋಡಿದ, ಚಾಚಾನನ್ನು ನೋಡಿದ, ಸಾವ್ಕಾರರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ವ್ಯಾಪಾರದ ಗಂಭೀರ ದನಿಯಲ್ಲಿ ನನ್ನನ್ನು ಕೇಳಿದ:

“ಕಟ್ಟಿದ್ದೆಲ್ಲಾ ಕೂಡೇ ಕೊಡ್ತೀರೋ, ಬಿಡಿಬಿಡಿ ಮಾಡಿ ತೂಗಬೇಕೋ?”

ಸಾವ್ಕಾರ್ರ ಮುಖ ಕೆಂಪಾಯಿತು. “ಏಯ್! ನನ್ನನ್ನ ಗುಜರಿ ಅಂದವಗ ನಾ ಒಂದು ಮೊಳೀನೂ ಮಾರೂದಿಲ್ಲ. ಗಾಡೀನೂ ಇರ್ತದ, ಮಿಸ್ತ್ರೀನೂ ಇರ್ತಾನ. ಹೊಸಾ ಸಿಲಿಂಡರ್ ತರಸ್ತೀನಿ. ಮೊದಲ ಈ ಹಗ್ಗಾ ಬಿಚ್ಚೋ ಮಾರಾಯಾ!”

ನಾನು ಓಡಿಹೋಗಿ ಗಂಟಿಗೆ ಕೈ ಹಾಕಿದೆ. ಆದರೆ ಅವರು ಮಿಸ್ತ್ರೀನೂ ಇರ್ತಾನ ಅನ್ನುವ ಮಾತನ್ನು ಇನ್ನೊಮ್ಮೆ, ಆಳುಗಳೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳುವತನಕ ಬಿಚ್ಚಲಿಲ್ಲ.