ಜೇನುಪೆಟ್ಟಿಗೆಗಳ ರಾಜದರ್ಶನ

ಬಹಳ ಹಿಂದೆ ಒಂದು ರಾಜ್ಯವಿತ್ತು; ಆ ರಾಜ್ಯದ ಜೇನು ಆರೋಗ್ಯ ಸಂಶೋಧನಾಲಯದಲ್ಲಿ ಭೂತಗನ್ನಡಿ ಇರಲಿಲ್ಲ. ಮಿಕ್ಕದ್ದೆಲ್ಲ ಇತ್ತು. ಅಮೃತಶಿಲೆಯ ಕಮಾನು, ಮೂವರು ಉಪನಿರ್ದೇಶಕರು, ‘ಜೇನುಗಾರಿಕೆಯ ಭವಿಷ್ಯ: ಒಂದು ಮುನ್ನೋಟ’ ಎಂಬ ದಪ್ಪ ವರದಿ, ಅದನ್ನಿಡಲು ಬೆಳ್ಳಿಯ ಮಣೆ. ಜೇನಿನ ಬಗ್ಗೆ ತಿಳಿದವಳು ಮಾತ್ರ ಒಬ್ಬಳೇ, ಪರೀಕ್ಷಕಿ ಕೆಂಪಾಜಮ್ಮ. ಆಕೆ ಬರಿಗಣ್ಣಲ್ಲೇ ಕೆಲಸ ನಡೆಸುತ್ತಿದ್ದಳು.

ಆ ವರ್ಷ ಬಿಳಿಗಲ್ಲು ಕಣಿವೆಯ ಮೂವತ್ತೆಂಟು ಪೆಟ್ಟಿಗೆಗಳಲ್ಲಿ ಮರಿಹುಳುಗಳು ಸತ್ತು, ನೀರು ತುಂಬಿದ ಪುಟ್ಟ ಚೀಲಗಳಂತಾದವು. ಕೆಂಪಾಜಮ್ಮ ಕಂಡೊಡನೆ ಗುರುತು ಹಿಡಿದಳು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹರಡುವ ರೋಗ, ಮದ್ದಿಲ್ಲ. ಈ ಮೂವತ್ತೆಂಟನ್ನು ದೂರವಿಟ್ಟರೆ ರಾಜ್ಯದ ಉಳಿದ ನಾಲ್ಕು ಸಾವಿರ ಚಿಲ್ಲರೆ ಪೆಟ್ಟಿಗೆ ಬದುಕುತ್ತವೆ, ಇಲ್ಲದಿದ್ದರೆ ಇಲ್ಲ. ಆಕೆ ಎರಡು ಸಾಲಿನ ಅರ್ಜಿ ಬರೆದಳು: ಕಣಿವೆಯ ಪೆಟ್ಟಿಗೆ ಆಚೆ ಬರಬಾರದು, ಆಚೆಯದು ಕಣಿವೆಗೆ ಹೋಗಬಾರದು. ಕೆಳಗೆ ಒಂದು ಭೂತಗನ್ನಡಿಯನ್ನೂ ಕೇಳಿದಳು.

ಆ ರಾಜ್ಯದಲ್ಲೊಂದು ಪದ್ಧತಿಯಿತ್ತು. ದೊರೆ ಸರ್ವನೇತ್ರ ಭೂಪಾಲರು ಖುದ್ದು ನೋಡದ ಹೊರತು ಯಾವ ಅರ್ಜಿಗೂ ಮುದ್ರೆ ಬೀಳುತ್ತಿರಲಿಲ್ಲ. ಆದರೆ ದೊರೆ ನೋಡಲು ಎಲ್ಲಿಗೂ ಹೋಗುತ್ತಿರಲಿಲ್ಲ. ನೋಡಬೇಕಾದದ್ದೇ ಅರಮನೆಗೆ ಬರಬೇಕು. ಹಿಂದೊಮ್ಮೆ ಕೆರೆಯ ಏರಿ ಬಿರುಕುಬಿಟ್ಟಾಗ ಬಿರುಕಿದ್ದ ಭಾಗವನ್ನು ಅಗೆದು ಗಾಡಿಯಲ್ಲಿ ತಂದು ತೋರಿಸಿದ್ದರು. ದುರಸ್ತಿಗೆ ಕೂಡಲೇ ಅಪ್ಪಣೆಯಾಯಿತು. ಅಷ್ಟರಲ್ಲಿ ಕೆರೆ ಊರೊಳಗೆ ಬಂದಿತ್ತು.

“ಜೇನಿಗೆ ಕಾಯಿಲೆಯೆ?” ದೊರೆ ಮರುಗಿದರು. “ತರಿಸಿ. ರೋಗವಿದ್ದದ್ದನ್ನೂ ನೋಡುತ್ತೇವೆ, ಇಲ್ಲದ್ದನ್ನೂ ನೋಡುತ್ತೇವೆ.”

“ಬುದ್ಧೀ, ಒಟ್ಟಿಗೆ ತರಬ್ಯಾಡಿ ಅನ್ನೋದೇ ನನ್ನ ಅರ್ಜಿ,” ಎಂದಳು ಕೆಂಪಾಜಮ್ಮ.

“ಆ ಅರ್ಜಿ ಮಂಜೂರಾಗಬೇಕಾದರೆ ಒಟ್ಟಿಗೆ ತರಬೇಕಲ್ಲಮ್ಮ,” ಎಂದ ಭವಿಷ್ಯ ಖಾತೆಯ ಮಂತ್ರಿ ಚಂಪಕಯ್ಯ. “ಪ್ರಕ್ರಿಯೆ ಅಂತ ಒಂದಿದೆ.”

“ದೊರೆಗಳೇ ಕಣಿವೆಗೆ ಒಂದು ಹೆಜ್ಜೆ ಬಂದ್ರೆ? ಅರ್ಧ ದಿನದ ದಾರಿ.”

“ಸೂರ್ಯ ಎಲ್ಲಿಗಾದರೂ ಹೋಗುತ್ತಾನೇನಮ್ಮ?” ಎಂದ ಚಂಪಕಯ್ಯ.

“ದಿನಾ ಮುಳುಗೋಕೆ ಹೋಯ್ತಾನಲ್ಲ ಸ್ವಾಮಿ.”

ಈ ಉತ್ತರವನ್ನು ಕಡತದಿಂದ ತೆಗೆಯಲಾಯಿತು.

‘ಜೇನು ಆರೋಗ್ಯ ಮಹಾದರ್ಶನ’ದ ಡಂಗುರ ಬಿತ್ತು. ದರ್ಶನಕ್ಕೆ ಬಾರದ ಪೆಟ್ಟಿಗೆ ಇಲ್ಲವೇ ಇಲ್ಲವೆಂದು ಪರಿಗಣಿಸಲಾಗುವುದು. ಕೆಂಪಾಜಮ್ಮ ಊರೂರು ಅಲೆದಳು. ಹಿರೇಹಳ್ಳದಲ್ಲಿ ನಲವತ್ತು ಪೆಟ್ಟಿಗೆ ಸಾಕಿದ್ದ ಮೋಟೇಗೌಡ ಆಗಲೇ ಗಾಡಿ ಹೂಡುತ್ತಿದ್ದ.

“ಗೌಡ್ರೇ, ದಮ್ಮಯ್ಯ, ತಗೊಂಡೋಗಬ್ಯಾಡಿ.”

“ಹೋಗದಿದ್ರೆ ನನ್ನ ಪೆಟ್ಟಿಗೆಗಳು ಇಲ್ಲ ಅಂತ ಬರ್ಕೋತಾರಂತೆ. ಇಲ್ಲದ ಪೆಟ್ಟಿಗೆ ಜೇನುತುಪ್ಪ ಸಂತೇಲಿ ಮಾರಂಗಿಲ್ವಂತೆ. ಕಾಯಿಲೆ ಬಿದ್ದದ್ದನ್ನ ದೂರ ಇಡಿ ಅಂತ ಹೇಳ್ಕೊಟ್ಟೋಳು ನೀನೇ ಅಲ್ವೇನವ್ವ? ಈಗ ನೋಡು, ಕರೆಯೋಲೇಲಿ ನಿನ್ನ ಹೆಸರೇ ಅಚ್ಚಾಗೈತೆ!”

ನೋಡಿದಳು. ಹೌದು. ‘ವೈಜ್ಞಾನಿಕ ಮಾರ್ಗದರ್ಶನ: ಪರೀಕ್ಷಕಿ ಕೆಂಪಾಜಮ್ಮ’.

ಅರಮನೆಯ ಮೈದಾನದಲ್ಲಿ ಪೆಟ್ಟಿಗೆಗಳು ಸಾಲುಸಾಲಾಗಿ ನಿಂತವು. ಹೋಲಿಸಿ ನೋಡಲು ಅನುಕೂಲವಾಗಲೆಂದು ಪ್ರತಿ ಸಾಲಿನ ನಡುವೆ ರೋಗದ ಒಂದು ಪೆಟ್ಟಿಗೆ. ಹೊಸ ಜಾಗದಲ್ಲಿ ದಿಕ್ಕುತಪ್ಪಿದ ಹುಳುಗಳು ಸಿಕ್ಕಸಿಕ್ಕ ಪೆಟ್ಟಿಗೆಗೆ ನುಗ್ಗಿದವು. ದೊರೆ ಒಂದು ಮುಚ್ಚಳ ತೆಗೆದರು. ಜೇನು ಮೂಗಿಗೇ ಕುಟುಕಿತು.

“ಪ್ರಭುಗಳ ಮೂಗು ಸಂಪಿಗೆಯೆಂದು ಹುಳುವಿಗೂ ತಿಳಿಯಿತು!” ಚಂಪಕಯ್ಯ ಕೈಮುಗಿದ.

ದೊರೆ ಊದಿದ ಮೂಗಿನ ಮೇಲಿಂದ ಪಕ್ಕದ ಪೆಟ್ಟಿಗೆಯನ್ನೂ ಇಣುಕಿದರು. “ಎರಡೂ ಒಂದೇ ಥರ ಇವೆಯಲ್ಲ! ಅಂದಮೇಲೆ ರೋಗವೆಲ್ಲಿ ಬಂತು? ಆದರೂ ಅರ್ಜಿ ಮಂಜೂರು. ಇವು ಒಂದಕ್ಕೊಂದು ಹತ್ತಿರ ಬರಕೂಡದು.” ಚಪ್ಪಾಳೆಗೆ ಮಿಕ್ಕ ಹುಳುಗಳೂ ಎದ್ದವು.

ಪೆಟ್ಟಿಗೆಗಳು ಊರಿಗೆ ಮರಳಿದ ಎರಡು ತಿಂಗಳಲ್ಲಿ ಎಲ್ಲ ಊರುಗಳಲ್ಲೂ ಮರಿಹುಳುಗಳು ನೀರಿನ ಚೀಲಗಳಾದವು. ಬದುಕಿದ್ದ ಹುಳುಗಳು ಗೂಡು ಬಿಟ್ಟು ಹಾರಿಹೋದವು. ದೊರೆಗೆ ‘ಮಧುಸಂಜೀವಕ’ ಬಿರುದು ಕೊಟ್ಟು, ಜೇನುಮೇಣದ ಕಿರೀಟ ತೊಡಿಸಿದರು. ಚಂಪಕಯ್ಯ ಬೆಳ್ಳಿ ಮಣೆಯ ವರದಿ ಬಿಚ್ಚಿ, ಜೇನುಗಾರಿಕೆಯ ಭವಿಷ್ಯವನ್ನು ಓದಿದ: ಹುಳುರಹಿತ ಜೇನುಗಾರಿಕೆ. ಮನೆಗೊಬ್ಬರು ಬೆಳಗಾಗುತ್ತಲೇ ಕುಂಚ ಹಿಡಿದು ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ಸವರಬೇಕು. ಸವರುವಾಗ ಗುಂಯ್‌ಗುಡತಕ್ಕದ್ದು.

ಗುಂಯ್‌ಗುಡುವುದನ್ನು ಪರೀಕ್ಷಿಸಲು ಕೆಂಪಾಜಮ್ಮನನ್ನೇ ನೇಮಿಸಿದರು. ಹಿರೇಹಳ್ಳದ ಕುಂಬಳದ ಹೊಲದಲ್ಲಿ ಮೋಟೇಗೌಡ ನಡು ಬಗ್ಗಿಸಿ ಕುಂಚ ಆಡಿಸುತ್ತಿದ್ದ. ತಲೆಯೆತ್ತಲಿಲ್ಲ.

“ಗುಂಯ್... ಶ್ರುತಿ ಸರಿಯಾಗೈತಾ ಅವ್ವ?”

ಅಂದೇ ಅರಮನೆಯಿಂದ ಭೂತಗನ್ನಡಿ ಬಂದಿತ್ತು, ಚಿನ್ನದ ಹಿಡಿಯದು. ಕೆಂಪಾಜಮ್ಮ ಅದನ್ನು ಹಿಡಿದು ಗೌಡನ ನಲವತ್ತೂ ಪೆಟ್ಟಿಗೆ ತೆರೆದು ನೋಡಿದಳು. ಆಮೇಲೆ ಮಿಕ್ಕ ಊರುಗಳನ್ನೂ ಸುತ್ತಿ ಬಂದು ವರದಿ ಬರೆದಳು. ಅದೂ ಎರಡೇ ಸಾಲು.

ರೋಗ ತಗುಲಿದ್ದ ಪೆಟ್ಟಿಗೆ ಮೂವತ್ತೆಂಟು. ರಾಜದರ್ಶನದ ನಂತರ ಬರಿದಾದದ್ದು ನಾಲ್ಕು ಸಾವಿರದ ಇನ್ನೂರ ಹನ್ನೆರಡು.